ಹೊಸ್ತಿಲಿಗೂ ಹಳಿಗೂ ನಡುವೆ

ಜೂನ್ ೪

ಅಕ್ಕನಿಗೆ,

ಮನೆ ಎದ್ದು ನಿಂತಿತು. ಅಂದರೆ ನಮ್ಮ ಗೇಟ್ ಮನೆ. ಅಪ್ಪ ರೈಲ್ವೆ ಗೇಟ್ ಕಾಯುತ್ತಿದ್ದಾಗ ನಾವಿದ್ದ ಆ ಮನೆಯನ್ನು ಎರಡನೇ ಹಳಿ ಹಾಕುವಾಗಲೇ ಕೆಡವಿದರು ಅಂತ ನಿನಗೆ ಗೊತ್ತು. ಆದರೆ ಆ ಸಾಲಿನ ಗೇಟ್ ಮನೆಗಳೆಲ್ಲ ಒಂದೇ ಅಚ್ಚಿನವು. ಕಳೆದ ತಿಂಗಳು ರಜೆ ಹಾಕಿ, ಇನ್ನೂ ಉಳಿದಿರುವ ಒಂದನ್ನು ಹುಡುಕಿಕೊಂಡು ಹೋಗಿ, ಟೇಪು ಹಿಡಿದು ಅಳೆದುಕೊಂಡು ಬಂದೆ. ಈಗ ಅದು ನನ್ನ ಪುಟಾಣಿ ರೈಲಿನ ಹಲಗೆಯ ಮೇಲೆ ಬೆಂಕಿಪೊಟ್ಟಣಕ್ಕಿಂತ ಒಂಚೂರು ದೊಡ್ಡದಾಗಿ ಕೂತಿದೆ. ನಿಜದ ಎಂಬತ್ತೇಳರಲ್ಲಿ ಒಂದು ಪಾಲು. ಈ ಅಳತೆಯಲ್ಲಿ ಆರಡಿ ಆಳು ನನ್ನ ಹೆಬ್ಬೆರಳಿನ ಮೊದಲ ಗೆಣ್ಣಿನಷ್ಟೂ ಇರುವುದಿಲ್ಲ.

ಇವಳು ನಿನಗೊಂದು ದೂರು ಬರೆಯಲು ಹೇಳಿದ್ದಾಳೆ. "ಹಗಲೆಲ್ಲ ಲ್ಯಾಬಲ್ಲಿ ಕೂತು ಊರವರಿಗೆ ಹಲ್ಲು ಮಾಡ್ತಾರೆ. ಸಂಜೆ ಅದೇ ಪ್ಲಾಸ್ಟರ್ ಮನೆಗೆ ತಂದು ದಿಬ್ಬ ಮಾಡ್ತಾರೆ. ಊಟಕ್ಕೆ ಕರೆದರೆ ರೈಲು ಬರ್ಲಿ ಅಂತಾರೆ." ದೂರು ಮುಟ್ಟಿಸಿದ್ದೇನೆ.

ಈಗ ಗಿಡಗಳ ಸರದಿ. ಹಳಿ, ಸಿಗ್ನಲ್ ಕಂಬ, ಮನೆ ಎಲ್ಲ ಇದ್ದರೂ ಗಿಡವಿಲ್ಲದ ತನಕ ಹಲಗೆ ಹಲಗೆಯೇ. ಒಂದು ಚಿಟಿಕೆ ಹುಲ್ಲು ಅಂಟಿಸಿದೊಡನೆ ಅಲ್ಲಿ ಯಾರೋ ಬದುಕಿದ್ದಾರೆ ಅನ್ನಿಸಲು ಶುರುವಾಗುತ್ತದೆ. ಅಂಗಡಿಯಲ್ಲಿ ಸಿಗುವ ಹಸಿರು ಸ್ಪಂಜಿನ ಗಿಡಗಳು ನನಗೆ ಬೇಡ. ಅಮ್ಮ ಬೆಳೆಸಿದ್ದವೇ ಬೇಕು. ಯಾವ ಗಿಡ ಎಲ್ಲಿತ್ತು, ಎಷ್ಟೆತ್ತರ, ಹೂವು ಯಾವ ಬಣ್ಣ, ಎಲ್ಲ ಬರೆ.

ಅಮ್ಮನ ಫೋಟೋ ಒಂದೂ ಇಲ್ಲ. ಜ್ವರ ಬಂದು ಅವಳು ಹೋದಾಗ ನನಗೆ ಎರಡು ತುಂಬಿತ್ತಷ್ಟೇ, ಮುಖ ಕೂಡ ನೆನಪಿಲ್ಲ. ನೀನು ನನ್ನನ್ನು ಮಲಗಿಸುವಾಗ ಹೇಳುತ್ತಿದ್ದೆಯಲ್ಲ, ಅಮ್ಮನ ಅಂಗಳ, ಅಮ್ಮ ನೀರು ಹಾಕುವುದು, ಅವಳ ಬಗ್ಗೆ ನನ್ನ ಹತ್ತಿರ ಇರುವುದು ಅದೊಂದೇ. ಅದನ್ನಾದರೂ ಒಮ್ಮೆ ಕಣ್ಣಾರೆ ನೋಡಬೇಕು ಅಂತ ಆಸೆ. ಫೋನಿನಲ್ಲಿ ಕೇಳಿದರೆ ನೀನು "ಆಮೇಲೆ" ಅಂತ ಇಟ್ಟುಬಿಡುತ್ತೀಯ, ಅದಕ್ಕೇ ಈ ಪತ್ರ.

ನಿನ್ನ ತಮ್ಮ


ಜೂನ್ ೧೯

ಪುಟ್ಟನಿಗೆ,

ಐವತ್ತು ದಾಟಿದವನನ್ನು ಪುಟ್ಟ ಅನ್ನಬಾರದು. ಬಾಯಿಗೆ ಬೇರೆ ಹೆಸರು ಬರುವುದಿಲ್ಲ, ಏನು ಮಾಡಲಿ.

ಫೋನು ಇಟ್ಟುಬಿಡುವುದಕ್ಕೆ ಕಾರಣವಿದೆ. ಈ ಹಾಸ್ಟೆಲಿನ ಫೋನು ಇರುವುದು ಊಟದ ಕೋಣೆಯ ಬಾಗಿಲಲ್ಲಿ. ವಾರ್ಡನ್ ಮಾತಾಡುತ್ತಿದ್ದಾಳೆ ಅಂದರೆ ಹುಡುಗಿಯರು ಅಗಿಯುವುದನ್ನೂ ನಿಲ್ಲಿಸಿ ಕಿವಿ ನಿಮಿರಿಸುತ್ತಾರೆ. ಈ ವರ್ಷ ಹೊಸಬರು ಬಹಳ ಬಂದಿದ್ದಾರೆ. ಒಬ್ಬಳು ಟ್ರಂಕಿನಲ್ಲಿ ಬೆಕ್ಕಿನ ಮರಿ ತಂದಿಟ್ಟುಕೊಂಡು, ಕೇಳಿದರೆ "ಸ್ವೆಟರ್ ಮೇಡಂ" ಅಂದಳು. ಸ್ವೆಟರ್ ಮಿಯಾಂವ್ ಅಂದಿತು.

ನಿನ್ನ ಪತ್ರ ಓದಿದೆ. ರೈಲು ಅಂದಮೇಲೆ ಒಂದು ಸುರಂಗ ಬೇಕು, ಕಮಾನಿನ ಸೇತುವೆ ಬೇಕು, ಕೆಳಗೆ ಹೊಳೆ ಬೇಕು. ಕೈಯಲ್ಲಿ ಅಷ್ಟು ಕಸುಬು ಇಟ್ಟುಕೊಂಡು ಒಂದು ಗೇಟ್ ಮನೆ ಮಾಡುತ್ತಾ ಕೂತಿದ್ದೀಯಲ್ಲ. ಅಲ್ಲಿ ನೋಡುವುದಕ್ಕೆ ಏನಿದೆ? ಬೆಟ್ಟ ಮಾಡು, ಕಾಡು ಮಾಡು. ಆ ಮನೆ ಬೇಡ.

ಬೇಡ ಅಂದರೆ ನೀನು ಬಿಡುವ ಪೈಕಿಯಲ್ಲ. ಬರೆದುಕೋ. ಮನೆಯ ಮುಂದೆ, ಹಳಿಯ ಕಡೆಗೆ, ದಾಸವಾಳದ ಬೇಲಿ. ಈ ಮೂಲೆಯಿಂದ ಆ ಮೂಲೆಯ ತನಕ. ನನ್ನ ತಲೆಗಿಂತ ಎತ್ತರ. ಕೆಂಪು ಹೂವು. ಅದರ ಒಳಮಗ್ಗುಲಿಗೆ ನಿಂಬೆ ಗಿಡಗಳು. ಮೂಲೆಯಲ್ಲಿ ಮಲ್ಲಿಗೆ ಹಂಬು. ಇಷ್ಟು ಸಾಕಲ್ಲ.

ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಹಳ ಹೊತ್ತು ಕೂರಬೇಡ.

ಅಕ್ಕ


ಜುಲೈ ೨

ಅಕ್ಕನಿಗೆ,

ಸುರಂಗ ಊರಿಗೆಲ್ಲ ಇದೆ. ಈ ಮನೆ ನಮಗೆ ಮಾತ್ರ ಇತ್ತು.

ದಾಸವಾಳ ಆಗುತ್ತಿದೆ. ಹೇಗೆ ಅಂತ ಹೇಳುತ್ತೇನೆ, ಕೇಳುವವರು ಈ ಮನೆಯಲ್ಲಿ ಯಾರೂ ಇಲ್ಲ. ಹಳೆಯ ಕರೆಂಟು ತಂತಿಯ ಸಿಪ್ಪೆ ಸುಲಿದರೆ ಒಳಗೆ ಕೂದಲೆಳೆಯಂಥ ತಾಮ್ರದ ಎಳೆಗಳಿರುತ್ತವೆ. ಒಂದು ಹಿಡಿಯನ್ನು ಬುಡದಲ್ಲಿ ಹುರಿ ಮಾಡಿ, ಮೇಲೆ ಹೋಗುತ್ತಾ ಎರಡೆರಡಾಗಿ ಬಿಡಿಸಬೇಕು. ಅದು ಕಾಂಡ ಮತ್ತು ಕೊಂಬೆ. ಕಂದು ಬಣ್ಣ ಬಳಿದು, ಅಂಟಿನಲ್ಲಿ ಅದ್ದಿ, ನಿಜವಾದ ಒಣ ಎಲೆಯನ್ನು ಪುಡಿ ಮಾಡಿ ಜರಡಿ ಹಿಡಿದು ಉದುರಿಸಬೇಕು. ಒಂದೇ ಹಸಿರು ಹಾಕಿದರೆ ಆಟದ ಸಾಮಾನಿನ ಹಾಗೆ ಕಾಣುತ್ತದೆ. ಬುಡದಲ್ಲಿ ಕಪ್ಪು ಹಸಿರು, ತುದಿಯಲ್ಲಿ ಎಳೆ ಹಸಿರು, ನಡುವೆ ಅಲ್ಲಲ್ಲಿ ಒಣಗಿದ ಕೊಂಬೆ. ಒಣಗಿದ ಕೊಂಬೆಯೇ ಗಿಡವನ್ನು ನಂಬಿಸುವುದು. ಹೂವಿಗೆ ಇವಳ ಡಬ್ಬಿಯಿಂದ ಗಸಗಸೆ ಕದ್ದು ಕೆಂಪು ಬಣ್ಣದಲ್ಲಿ ಉರುಳಿಸಿದೆ. ಆಸೆಬುರುಕನ ಹಾಗೆ ತುಂಬಾ ಹಾಕಬಾರದು, ಗಿಡಕ್ಕೆ ನಾಲ್ಕೋ ಐದೋ ಸಾಕು.

ಒಂದು ತಪ್ಪಾಯಿತು. ನಿನ್ನ ತಲೆಗಿಂತ ಎತ್ತರ ಅಂದೆಯಲ್ಲ, ಈಗಿನ ನಿನ್ನನ್ನು ಲೆಕ್ಕ ಹಿಡಿದು ಬೇಲಿ ಮಾಡಿಬಿಟ್ಟೆ. ಇಟ್ಟು ನೋಡಿದರೆ ಬಾಗಿಲೂ ಇಲ್ಲ ಕಿಟಕಿಯೂ ಇಲ್ಲ, ಬರೀ ಹೆಂಚು ಕಾಣುತ್ತಿದೆ. ಆಮೇಲೆ ಹೊಳೆಯಿತು, ಆಗ ನಿನಗೆ ಹತ್ತು ವರ್ಷ. ಹತ್ತು ವರ್ಷದವಳ ತಲೆ ಎಷ್ಟರ ಎತ್ತರ? ಮಕ್ಕಳಿಗೆ ಎಲ್ಲವೂ ದೊಡ್ಡದೇ. ಹಾಗಾಗಿ ಬೇಲಿಯನ್ನು ಅರ್ಧಕ್ಕೆ ಕತ್ತರಿಸಬೇಕು ಅಂತಿದ್ದೇನೆ. ನೀನು ಹೂಂ ಅಂದಮೇಲೆ ಕತ್ತರಿ ಹಿಡಿಯುತ್ತೇನೆ.

ಇನ್ನೊಂದು. ಹೊಸ್ತಿಲಿಂದ ಹಳಿಗೆ ನನ್ನ ಹಲಗೆಯಲ್ಲಿ ಒಂದು ಕಿರುಬೆರಳಿನಷ್ಟು ಜಾಗ. ದಾಸವಾಳ, ನಿಂಬೆ ಎರಡೂ ಕೂತರೆ ಮಲ್ಲಿಗೆಗೆ ಜಾಗವೇ ಇಲ್ಲ. ಅಮ್ಮ ಹೇಗೆ ಸಂಭಾಳಿಸುತ್ತಿದ್ದಳೋ.

ನಿನ್ನ ತಮ್ಮ


ಜುಲೈ ೧೫

ಪುಟ್ಟನಿಗೆ,

ಕತ್ತರಿಸಬೇಡ. ಎತ್ತರವೇ ಇತ್ತು. ಈಗಿನ ನನ್ನಷ್ಟೇ ಇತ್ತು ಅಂತ ಇಟ್ಟುಕೋ. ಮನೆಯೊಳಗಿಂದ ಹಳಿ ಕಾಣಬಾರದು, ಹಳಿಯ ಕಡೆಯಿಂದ ಮನೆಯೂ ಕಾಣಬಾರದು.

ಮಲ್ಲಿಗೆಗೆ ಜಾಗ ಇಲ್ಲದಿದ್ದರೆ ಬಿಡು. ಅದರ ಬದಲು ದಾಸವಾಳದ ಬುಡದಲ್ಲಿ ಗೋರಂಟಿ ಹಾಕು. ಹೇಳಲು ಮರೆತಿದ್ದೆ. ಗೋರಂಟಿ ಒತ್ತಾಗಿ ಬೆಳೆಯುತ್ತದೆ, ಒಳಗೆ ಮುಳ್ಳಿರುತ್ತದೆ. ಕೆಳಗೆ, ನೆಲಕ್ಕೆ ತಾಗಿದಂತೆ, ಒಂದಕ್ಕೊಂದು ಹೆಣೆದುಕೊಂಡಿತ್ತು. ಬೆಕ್ಕು ಕೂಡ ನುಸುಳಲಾಗದಷ್ಟು. ಮೇಲೆ ಹೇಗೇ ಇರಲಿ, ಕೆಳಗಡೆ ಗಟ್ಟಿಯಾಗಿ ಮಾಡು.

ಬೆಕ್ಕಿನ ಹುಡುಗಿ ಊಟ ಬಿಟ್ಟಿದ್ದಾಳೆ. ಮನೆ ನೆನಪಾಗುತ್ತದಂತೆ. "ಮನೇಲಿ ಏನು ನೆನಪಾಗುತ್ತೆ ಹೇಳು, ಅದನ್ನೇ ಇಲ್ಲಿ ಮಾಡೋಣ" ಅಂದೆ. "ಏನೂ ಇಲ್ಲ ಮೇಡಂ, ಸುಮ್ನೆ ಮನೆ" ಅಂದಳು. ಸುಮ್ಮನೆ ಮನೆಯನ್ನು ಎಲ್ಲಿಂದ ತರಲಿ. ಬೆಕ್ಕನ್ನು ಇಟ್ಟುಕೊಳ್ಳಲು ಬಿಟ್ಟಿದ್ದೇನೆ, ಮೇಲಿನವರಿಗೆ ತಿಳಿದರೆ ನನ್ನ ಕೆಲಸಕ್ಕೆ ಕುತ್ತು.

ಆ ಹಳಿಯ ಮೇಲೆ ನಿಜವಾಗಿ ರೈಲು ಓಡಿಸುತ್ತೀಯಾ?

ಅಕ್ಕ


ಆಗಸ್ಟ್ ೬

ಅಕ್ಕನಿಗೆ,

ಓಡಿಸದೆ ಮತ್ತೆ? ಉಗಿಬಂಡಿಯೇ ತಂದಿಟ್ಟಿದ್ದೇನೆ, ಹಿಂದೆ ಐದು ಡಬ್ಬಿ. ಆದರೆ ಗಿಡದ ಕೆಲಸ ಮುಗಿದು, ಅಂಟೆಲ್ಲ ಒಣಗಿ, ಉದುರಿದ ಎಲೆಪುಡಿಯನ್ನು ಬ್ರಷ್ಷಿನಲ್ಲಿ ಗುಡಿಸುವ ತನಕ ಓಡಿಸುವ ಹಾಗಿಲ್ಲ. ಒಂದು ಕಣ ಚಕ್ರಕ್ಕೆ ಸಿಕ್ಕಿದರೂ ಎಂಜಿನ್ ಮುನಿಸಿಕೊಂಡು ನಿಂತುಬಿಡುತ್ತದೆ.

ಬೇಲಿ ಮುಗಿಯಿತು. ಗೋರಂಟಿಗೆ ಸೆಣಬಿನ ನಾರು ಬಳಸಿದೆ. ನೀನು ಹೇಳಿದ ಹಾಗೆ ಕೆಳಗೆ ಗಟ್ಟಿಯಾಗಿ ಹೆಣೆದು, ಪಿಚಕಾರಿಯಲ್ಲಿ ನೀರು ಬೆರೆಸಿದ ಅಂಟು ಬಿಟ್ಟೆ. ನೋಡಲು ಬಲು ಚೆಂದ. ಆದರೆ ಅಕ್ಕ, ಇವಳು ಬಂದು ನೋಡಿ ಒಂದು ಮಾತು ಕೇಳಿದಳು: "ಅಲ್ಲಾ, ನಿಮ್ಮಮ್ಮ ಹೊರಗೆ ಹೇಗೆ ಬರ್ತಿದ್ರು?" ನಾನು ಪೆಚ್ಚಾದೆ. ಈ ಮೂಲೆಯಿಂದ ಆ ಮೂಲೆಗೆ ಬೇಲಿ, ಒಳಗೆ ನಿಂಬೆ ಮುಳ್ಳು, ಬುಡದಲ್ಲಿ ಗೋರಂಟಿ ಮುಳ್ಳು. ಇದು ಮನೆಯೋ ಕೋಟೆಯೋ. ಅಪ್ಪ ಗೇಟಿಗೆ ಹೋಗಲು ದಿನಾ ಬೇಲಿ ಹಾರುತ್ತಿದ್ದನೇ? ನೀನು ಗಿಡಗಳನ್ನೆಲ್ಲ ನೆನಪಿಟ್ಟುಕೊಂಡು ದಾರಿಯನ್ನು ಮರೆತಿದ್ದೀಯ.

ಅದಕ್ಕೆ ನಾನೇ ಒಂದು ಸಂದು ಬಿಟ್ಟೆ, ಬಾಗಿಲಿಗೆ ನೇರವಾಗಿ. ಹಲ್ಲಿನ ಅಚ್ಚಿಗೆ ಬಳಸುವ ಮೇಣದಲ್ಲಿ ಅಮ್ಮನನ್ನೂ ಮಾಡಿದೆ. ಬಟ್ಟೆಯ ಬಣ್ಣ ಗೊತ್ತಿಲ್ಲದೆ ನೀಲಿ ಬಳಿದೆ. ಬಗ್ಗಿ ನಿಂಬೆಗೆ ನೀರು ಹಾಕುತ್ತಿದ್ದಾಳೆ. ಫೋಟೋ ಕಳಿಸಿದ್ದೇನೆ, ಸಂದಿನಲ್ಲಿ ಸರಿಯಾಗಿ ನೋಡು, ಅಕ್ಕಿಕಾಳಿನಷ್ಟು ಒಂದು ಮಗು ಇದೆ. ಅದು ನಾನು. ಅಮ್ಮ ನೀರು ಹಾಕುವಾಗ ಅಂಬೆಗಾಲಿಕ್ಕಿ ರೈಲು ನೋಡಲು ಹೊರಟಿದ್ದೇನೆ. ಈ ರೈಲಿನ ಹುಚ್ಚು ಎಲ್ಲಾದರೂ ಶುರುವಾಗಿರಬೇಕಲ್ಲ, ಇಲ್ಲೇ ಇರಲಿ.

ಬಹಳ ಸಂತೋಷವಾಗಿದೆ ಅಕ್ಕ. ಅಮ್ಮನ ಜೊತೆ ನಾನಿರುವ ಚಿತ್ರ ನನಗೆ ಇದೇ ಮೊದಲನೆಯದು.

ನಿನ್ನ ತಮ್ಮ


ಆಗಸ್ಟ್ ೧೪

ಪುಟ್ಟ,

ಆ ಮಗುವನ್ನು ಅಲ್ಲಿಂದ ತೆಗೆ. ಸಂದು ಮುಚ್ಚು.

ಅಕ್ಕ


ಆಗಸ್ಟ್ ೨೨

ಅಕ್ಕನಿಗೆ,

ಒಂದು ಸಾಲಿನ ಪತ್ರ. ಹಾಸ್ಟೆಲಿನ ನೋಟೀಸು ಬೋರ್ಡಿಗೂ ನೀನು ಇದಕ್ಕಿಂತ ಹೆಚ್ಚು ಬರೆಯುತ್ತೀಯ. ಓದಿದ ದಿನ ನನಗೆ ಕೆಲಸ ಸಾಗಲಿಲ್ಲ. ಯಾರದೋ ಬಾಚಿಹಲ್ಲನ್ನು ಬೇರೆ ಯಾರದೋ ಅಚ್ಚಿಗೆ ಕೂರಿಸಿ ಬೈಸಿಕೊಂಡೆ.

ಆಮೇಲೆ ಯೋಚಿಸಿದೆ. ನನಗೆ ಹಾಲು ಕುಡಿಸಿದ್ದು ನೀನು, ತಲೆ ಬಾಚಿದ್ದು ನೀನು, ಶಾಲೆ ಬಿಟ್ಟು ಮನೆಯಲ್ಲಿ ಉಳಿದದ್ದು ನೀನು. ಹಲಗೆಯ ಮೇಲೆ ಮಾತ್ರ ಅಮ್ಮ ಮತ್ತು ನಾನು. ನಿನ್ನನ್ನು ನಾನು ಇಟ್ಟೇ ಇರಲಿಲ್ಲ. ಬೇಜಾರಾಗದೆ ಇನ್ನೇನಾಗುತ್ತದೆ? ತಪ್ಪು ನನ್ನದು.

ಸರಿ ಮಾಡಿದ್ದೇನೆ. ಎರಡು ಜಡೆ ಹಾಕಿಕೊಂಡು, ಹೆಗಲಿಗೆ ಚೀಲ ಹಾಕಿಕೊಂಡ ಒಬ್ಬ ಹುಡುಗಿಯನ್ನು ಮಾಡಿದೆ. ಎಲ್ಲಿಡುವುದು ಅಂತ ಬಹಳ ಹುಡುಕಿ, ಕೊನೆಗೆ ಗೇಟಿನ ಆಚೆ ನಿಲ್ಲಿಸಿದೆ. ನೀನು ಶಾಲೆಯಿಂದ ಬರುತ್ತಿದ್ದೀಯ. ಗೇಟ್ ಹಾಕಿದೆ, ರೈಲು ಹೋಗುವುದನ್ನು ಕಾಯುತ್ತಿದ್ದೀಯ. ಸಂದಿನಲ್ಲಿರುವ ನಾನು ಈಗ ನಿನ್ನ ಕಡೆಗೇ ನೋಡುತ್ತಿದ್ದೇನೆ. ಫೋಟೋ ಜೊತೆಗಿದೆ. ಈಗಲಾದರೂ ಮುನಿಸು ಬಿಡು.

ನಿನ್ನ ತಮ್ಮ


ಸೆಪ್ಟೆಂಬರ್ ೩೦

ಪುಟ್ಟ,

ಮುನಿಸಲ್ಲ. ನಿನ್ನ ಎರಡನೇ ಫೋಟೋ ಬಂದಂದಿನಿಂದ ಈ ಪತ್ರವನ್ನು ಬರೆದು ಹರಿದು ಬರೆದು ಹರಿದು ಸಾಕಾಗಿದೆ. ಆ ಹುಡುಗಿಯನ್ನು ನೀನು ಎಲ್ಲಿ ನಿಲ್ಲಿಸಿದ್ದೀಯೋ ಅಲ್ಲೇ ಅವಳು ನಿಂತಿದ್ದಳು. ಯಾರೂ ಹೇಳದೆ ಅದು ನಿನಗೆ ಹೇಗೆ ಹೊಳೆಯಿತೋ ದೇವರಿಗೇ ಗೊತ್ತು. ಇನ್ನು ನಾನು ಸುಮ್ಮನಿದ್ದರೆ ನೀನು ರೈಲು ಓಡಿಸುತ್ತೀಯ. ಆ ಮಗುವಿನ ಮುಂದೆ ರೈಲು ಓಡುವುದು ನನಗೆ ಇಲ್ಲಿಂದಲೇ ಕಾಣುತ್ತದೆ.

ಕೂತುಕೊಂಡು ಓದು. ನಿನ್ನ ಹೆಂಡತಿಯನ್ನೂ ಪಕ್ಕದಲ್ಲಿ ಕೂರಿಸಿಕೋ.

ಬೇಲಿ ಇರಲಿಲ್ಲ. ದಾಸವಾಳ, ನಿಂಬೆ, ಗೋರಂಟಿ ಯಾವುದೂ ಇರಲಿಲ್ಲ. ಹೊಸ್ತಿಲು, ಎರಡು ಮೆಟ್ಟಿಲು, ಮಸಿ ಮೆತ್ತಿದ ಬರೀ ನೆಲ, ಹಳಿ. ಜ್ವರವೂ ಇರಲಿಲ್ಲ.

ಅವತ್ತು ಶಾಲೆ ಬೇಗ ಬಿಟ್ಟಿತ್ತು. ಗೇಟ್ ಹಾಕಿತ್ತು. ಅಪ್ಪ ಹಸಿರು ಬಾವುಟ ಹಿಡಿದು ಕಂಬದ ಪಕ್ಕ ನಿಂತಿದ್ದ. ನಾನು ಗೇಟಿನ ಆಚೆ, ಸೈಕಲ್ಲಿನವರ ನಡುವೆ ತೂರಿಕೊಂಡು ಮುಂದೆ ಬಂದಿದ್ದೆ. ಎದುರಿಗೆ ನಮ್ಮ ಮನೆಯ ಬಾಗಿಲು ತೆರೆದಿತ್ತು. ನೀನು ಹೊಟ್ಟೆಯ ಮೇಲೆ ಜಾರಿ, ಹಿಮ್ಮುಖವಾಗಿ ಮೆಟ್ಟಿಲಿಳಿದೆ. ಅದನ್ನು ಆ ವಾರವಷ್ಟೇ ಕಲಿತಿದ್ದೆ. ತಿರುಗಿ ನನ್ನನ್ನು ನೋಡಿದೆ, ನಕ್ಕೆ, ನನ್ನ ಕಡೆ ಬಂದೆ.

ಅಪ್ಪ ಕೂಗಿದ. ನಾನೂ ಕೂಗಿರಬೇಕು, ಎಂಜಿನ್ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಅಮ್ಮ ಒಳಗಿಂದ ಬಂದಳು. ಎತ್ತಿಕೊಳ್ಳುವಷ್ಟು ಹೊತ್ತಿರಲಿಲ್ಲ, ತಳ್ಳಿದಳು. ನೀನು ನನ್ನ ಕಡೆಗೆ, ಜಲ್ಲಿಯ ಮೇಲೆ ಬಿದ್ದೆ. ನಿನ್ನ ಹುಬ್ಬಿನ ಮೇಲಿನ ಕಲೆ ಅದೇ. ರೈಲು ನಿಲ್ಲುವ ಹೊತ್ತಿಗೆ ಅಮ್ಮ ಇರಲಿಲ್ಲ. ನಾನು ಗೇಟಿನಡಿ ನುಸುಳಿ ನಿನ್ನನ್ನು ಎತ್ತಿಕೊಂಡೆ.

ಆಮೇಲೆ ಅಪ್ಪ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದು ಇಷ್ಟೇ: "ಜ್ವರ ಅಂತ ಹೇಳು. ಅವನು ದೊಡ್ಡವನಾದ ಮೇಲೂ ಅಷ್ಟೇ. ಇದನ್ನ ಹೊತ್ಕೊಂಡು ಅವನು ಬದುಕಬಾರದು." ಬೇರೆ ಗೇಟಿಗೆ ವರ್ಗ ಕೇಳಿಕೊಂಡ. ಸಾಯುವ ತನಕ ಇನ್ನೊಮ್ಮೆ ಆ ಮಾತೆತ್ತಲಿಲ್ಲ.

ನಿನಗೆ ಮಲಗಲು ಕಥೆ ಬೇಕಿತ್ತು. ನನಗೆ ಕಣ್ಣು ಮುಚ್ಚಿದರೆ ಆ ಬರೀ ನೆಲ ಬರುತ್ತಿತ್ತು. ಅದಕ್ಕೆ ಅಲ್ಲಿ ಒಂದು ದಾಸವಾಳ ನೆಟ್ಟೆ. ಮಾರನೆಯ ದಿನ ಇನ್ನೊಂದು. ನಿನಗೋಸ್ಕರ ಹೇಳುತ್ತಿದ್ದೇನೆ ಅಂದುಕೊಂಡಿದ್ದೆ. ಆದರೆ ಈ ಮೂಲೆಯಿಂದ ಆ ಮೂಲೆಗೆ ಬೇಲಿ ಮುಟ್ಟಿದ ಮೇಲೆಯೇ ನನಗೆ ನಿದ್ದೆ ಹತ್ತುತ್ತಿತ್ತು.

ಅಪ್ಪನಿಗೆ ಕೊಟ್ಟ ಮಾತು ಮುರಿದೆ. ಏನು ಬರೆಯುತ್ತೀಯೋ ಬರೆ.

ಅಕ್ಕ


ಅಕ್ಟೋಬರ್ ೨೦

ಪುಟ್ಟ,

ಪತ್ರ ಸಿಕ್ಕಿತಾ ಅಂತ ಕೇಳುವುದಿಲ್ಲ. ಸಿಕ್ಕಿದೆ ಅಂತ ಗೊತ್ತು. ನಿನ್ನ ಹೆಂಡತಿ ಫೋನು ಮಾಡಿದ್ದಳು. "ಕೆಲಸಕ್ಕೆ ಹೋಗ್ತಾರೆ, ಬರ್ತಾರೆ, ಹಾಕಿದ್ದನ್ನ ತಿಂತಾರೆ. ಹಲಗೆ ಇರೋ ಕೋಣೆ ಬಾಗಿಲು ತೆಗೆದಿಲ್ಲ" ಅಂದಳು. ಹುಡುಗಿಯರೆಲ್ಲ ಕೇಳಿಸಿಕೊಂಡರು. ಕೇಳಿಸಿಕೊಳ್ಳಲಿ.

ಇಲ್ಲಿ ಎಲ್ಲ ಹಾಗೇ ಇದೆ.

ಅಕ್ಕ


ನವೆಂಬರ್ ೧೧

ಪುಟ್ಟ,

ಬೈಯುವುದಕ್ಕಾದರೂ ಬರೆಯೋ.

ಅಕ್ಕ


ಡಿಸೆಂಬರ್ ೯

ಅಕ್ಕನಿಗೆ,

ಬೈಯುವುದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಮೇಲೆ ಸಿಟ್ಟಿದೆ. ಹೇಳಿದ್ದಕ್ಕೋ ಇಷ್ಟು ವರ್ಷ ಹೇಳದೆ ಇದ್ದದ್ದಕ್ಕೋ ನನಗೇ ತಿಳಿಯುತ್ತಿಲ್ಲ. ಒಂದು ದಿನ ಇದಕ್ಕೆ, ಒಂದು ದಿನ ಅದಕ್ಕೆ. ಕನ್ನಡಿಯ ಮುಂದೆ ಮುಖ ಕ್ಷೌರ ಮಾಡಿಕೊಳ್ಳುವಾಗ ಹುಬ್ಬು ನೋಡುವುದನ್ನು ಬಿಟ್ಟಿದ್ದೇನೆ. ನನ್ನಿಂದ ಹೋದಳು. ಅದನ್ನು ಬೇರೆ ಯಾವ ರೀತಿ ಹೇಳಿದರೂ ಅಷ್ಟೇ ಅರ್ಥ. ಇವಳು "ಎರಡು ವರ್ಷದ ಮಗುಗೆ ಏನು ಗೊತ್ತಾಗುತ್ತೆ ಹೇಳಿ" ಅಂತ ನೂರು ಸಲ ಹೇಳಿರಬೇಕು. ನಿಜ. ಆದರೆ ಆ ಮಗು ಈಗ ಎರಡು ವರ್ಷದ್ದಲ್ಲವಲ್ಲ.

ಹೋದ ವಾರ ಕೋಣೆಯ ಬಾಗಿಲು ತೆರೆದು, ಇಕ್ಕಳ ಹಿಡಿದು ಬೇಲಿ ಕಿತ್ತೆ. ಅಂಟು ಬಲವಾಗಿ ಹಿಡಿದಿತ್ತು, ಕೆಳಗಿನ ಪ್ಲಾಸ್ಟರ್ ಸಮೇತ ಎದ್ದು ಬಂತು. ಒಂದೊಂದು ಗಿಡಕ್ಕೆ ಒಂದೊಂದು ಸಂಜೆ ಕೂತಿದ್ದೆ. ಕೀಳಲು ಅರ್ಧ ಗಂಟೆಯೂ ಹಿಡಿಯಲಿಲ್ಲ. ಮಗುವನ್ನೂ ಜಡೆಯ ಹುಡುಗಿಯನ್ನೂ ತೆಗೆದು ಡಬ್ಬಿಯಲ್ಲಿ ಹಾಕಿದೆ. ನೀಲಿ ಬಟ್ಟೆಯ ಹೆಂಗಸನ್ನು ಕೈಯಲ್ಲಿ ಹಿಡಿದು ನೋಡಿದೆ, ಅವಳು ಯಾರೋ. ಗಿಡಕ್ಕೆ ನೀರು ಹಾಕುವ ಯಾರೋ ಒಬ್ಬಳನ್ನು ನಾನು ಜೀವಮಾನವೆಲ್ಲ ಅಮ್ಮ ಅಂದುಕೊಂಡಿದ್ದೆ.

ಗಿಡಗಳ ಬಗ್ಗೆ ನೀನು ನನಗೆ ಅಷ್ಟು ಹೇಳಿದೆ. ಅವಳ ಬಗ್ಗೆ ಏನೂ ಹೇಳಲಿಲ್ಲ. ಈಗ ಗಿಡ ಬೇಡ. ಅವಳು ಹೇಗಿದ್ದಳು ಹೇಳು. ಸುಳ್ಳು ಬೇಡ, ಚೆಂದ ಮಾಡುವುದೂ ಬೇಡ.

ನಿನ್ನ ತಮ್ಮ


ಡಿಸೆಂಬರ್ ೨೧

ಪುಟ್ಟನಿಗೆ,

ನಿನ್ನ ಬೈಗುಳ ಬಂದು ತಲುಪಿತು. ಅಷ್ಟು ಖಾರ ಇರಲಿಲ್ಲ. ಇನ್ನೂ ಇದ್ದರೆ ಕಳಿಸು.

ಚೆಂದ ಮಾಡಬೇಡ ಅಂದೆಯಲ್ಲ, ಕೇಳು. ನಮ್ಮಮ್ಮನ ಕೈಯಲ್ಲಿ ಒಂದು ಗಿಡ ಬದುಕುತ್ತಿರಲಿಲ್ಲ. ಯಾರೋ ಕೊಟ್ಟ ಗುಲಾಬಿ ಕಡ್ಡಿಗೆ ಬಟ್ಟೆ ಒಗೆದ ನೀರು ಸುರಿದು ಸಾಯಿಸಿದಳು. ಒಗೆಯುವ ಕಲ್ಲಿನ ಪಕ್ಕ ಒಂದು ಹರಳು ಗಿಡ ತಾನಾಗಿ ಹುಟ್ಟಿತ್ತು. ಸೋಪಿನ ನೀರು, ಮಸಿ, ಅಮ್ಮ, ಎಲ್ಲವನ್ನೂ ತಡೆದುಕೊಂಡು ನಿಂತಿದ್ದು ಅದೊಂದೇ. ಹಳಿಯ ನಡುವೆ ಹುಲ್ಲು ಬರುತ್ತಿತ್ತು, ಹಳಿ ನೋಡಿಕೊಳ್ಳುವ ಗ್ಯಾಂಗಿನವರು ಬಂದು ಕೆತ್ತುತ್ತಿದ್ದರು. ಇಷ್ಟೇ ಆ ಮನೆಯ ಹಸಿರು.

ಸಿಟ್ಟು ಮೂಗಿನ ತುದಿಯಲ್ಲಿರುತ್ತಿತ್ತು. ಒಗೆದು ಹಾಕಿದ ಬಟ್ಟೆಯ ಮೇಲೆ ಎಂಜಿನ್ನು ಮಸಿ ಉಗುಳಿದರೆ ಡ್ರೈವರನಿಗೆ ಸೌಟು ತೋರಿಸಿ ಬೈಯುತ್ತಿದ್ದಳು. ಅವರೋ, ಇವಳು ಬೈಯಲಿ ಅಂತಲೇ ನಮ್ಮ ಮನೆ ಮುಂದೆ ಉದ್ದಕ್ಕೆ ಸೀಟಿ ಊದುತ್ತಿದ್ದರು. ಅಪ್ಪ ಆ ಕಡೆ ತಿರುಗಿ ನಗುತ್ತಿದ್ದ. ಹಾಡು ಬರುತ್ತಿರಲಿಲ್ಲ, ಆದರೂ ಹಾಡುತ್ತಿದ್ದಳು. ಮುಂದಿನ ಒಂದು ಹಲ್ಲು ಇನ್ನೊಂದರ ಮೇಲೆ ಹತ್ತಿ ಕೂತಿತ್ತು. ನಗುವಾಗ ಅದಕ್ಕೆ ಕೈ ಅಡ್ಡ ಹಿಡಿಯುತ್ತಿದ್ದಳು. ನೀನು ಹಲ್ಲಿನ ಕೆಲಸ ಕಲಿಯುತ್ತೇನೆ ಅಂದ ದಿನ ನಾನು ಒಳಗೆ ಹೋಗಿ ಅತ್ತಿದ್ದು ಅದಕ್ಕೇ. ನೀನು, ಅಕ್ಕನಿಗೆ ಆ ಕೆಲಸ ಇಷ್ಟವಿಲ್ಲ ಅಂದುಕೊಂಡೆ.

ರೈಲು ಬರುವ ಹೊತ್ತಿಗೆ ಅವಳು ಎಲ್ಲ ಕೆಲಸ ಬಿಟ್ಟು ಮೆಟ್ಟಿಲ ಮೇಲೆ ಕೂರುತ್ತಿದ್ದಳು. ನಿನ್ನನ್ನು ತೊಡೆಯ ಮೇಲೆ ಇಟ್ಟುಕೊಂಡು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿರುತ್ತಿದ್ದಳು. ನೀನು ಒದ್ದಾಡುತ್ತಿದ್ದೆ, ಬಿಡುತ್ತಿರಲಿಲ್ಲ. ಕೊನೆಯ ಡಬ್ಬಿ ದಾಟಿದ ಮೇಲೆಯೇ ಕೆಳಗಿಳಿಸುವುದು. ದಿನವೂ ಹಾಗೆಯೇ, ಬಂದ ಪ್ರತಿ ರೈಲಿಗೂ. ಅವತ್ತು ಒಲೆಯ ಮೇಲೆ ಏನೋ ಉಕ್ಕಿತು, ಒಳಗೆ ಹೋದಳು. ಅಷ್ಟೇ ನಡೆದದ್ದು.

ಅವಳು ಓಡಿದ್ದನ್ನು ನೋಡಿದವಳು ನಾನೊಬ್ಬಳೇ ಉಳಿದಿದ್ದೇನೆ. ಹಾಗಾಗಿ ನನ್ನ ಮಾತು ಕೇಳು. ಅವಳು ಒಂದು ಗಳಿಗೆಯೂ ಯೋಚಿಸಲಿಲ್ಲ. ಬಿಸಿ ಪಾತ್ರೆ ಮುಟ್ಟಿದ ಕೈ ಹಿಂದೆ ಬರುವ ಹಾಗೆ ಅವಳು ಮುಂದೆ ಹೋದಳು. ಅದನ್ನು ನೀನು ಬೆನ್ನ ಮೇಲೆ ಹೇರಿಕೊಳ್ಳಬೇಡ. ನಾನು ಹೇರಿಕೊಂಡು ನೋಡಿದ್ದೇನೆ. ಗೇಟಿನ ಆಚೆ ನಿಂತು ನಿನ್ನನ್ನು ನೋಡಿ ಕೈ ಬೀಸಿದವಳು ನಾನು.

ಅಕ್ಕ


ಜನವರಿ ೧೭

ಅಕ್ಕನಿಗೆ,

ನಿನ್ನ ಪತ್ರವನ್ನು ಇವಳಿಗೆ ಗಟ್ಟಿಯಾಗಿ ಓದಿ ಹೇಳಿದೆ. ಸೌಟಿನ ಜಾಗದಲ್ಲಿ ಇಬ್ಬರೂ ನಕ್ಕೆವು. ಕೊನೆಗೆ ಬಂದಾಗ ಓದಲಾಗಲಿಲ್ಲ, ಅವಳೇ ಇಸಿದುಕೊಂಡು ಓದಿದಳು.

ಹತ್ತು ವರ್ಷದ ಹುಡುಗಿ ತಮ್ಮನನ್ನು ನೋಡಿದರೆ ಕೈ ಬೀಸುತ್ತಾಳೆ. ಮಗು ಅಕ್ಕನನ್ನು ನೋಡಿದರೆ ಹತ್ತಿರ ಬರುತ್ತದೆ. ಇದರಲ್ಲಿ ನಿನ್ನದೇನಿದೆ ಅಂತ ನಿನಗೆ ಬರೆಯಲು ಕೂತೆ. ಅರ್ಧ ಬರೆದಾಗ, ಇವಳು ನನಗೆ ನೂರು ಸಲ ಹೇಳಿದ್ದೂ ಇದೇ ಅಂತ ಹೊಳೆದು ಪೆನ್ನು ಕೆಳಗಿಟ್ಟೆ. ಆ ದಿನ ಬಹಳ ಅತ್ತೆ. ಆಮೇಲೆ ಚೆನ್ನಾಗಿ ನಿದ್ದೆ ಬಂತು.

ಹರಳು ಗಿಡ ಮಾಡಿದೆ. ಇಷ್ಟು ದಿನ ಮಾಡಿದ ಯಾವ ಗಿಡವೂ ಇಷ್ಟು ಕಾಡಿರಲಿಲ್ಲ. ಅಂಗೈಯಂಥ ಎಲೆಗಳಲ್ಲವಾ, ಪುಡಿ ಉದುರಿಸಿದರೆ ಆಗುವುದಿಲ್ಲ. ಭೂತಗನ್ನಡಿಯ ಕೆಳಗೆ ತೆಳು ಕಾಗದವನ್ನು ಒಂದೊಂದಾಗಿ ಕತ್ತರಿಸಿ, ತೊಟ್ಟಿಗೆ ಬ್ರಷ್ಷಿನ ಎಳೆ ಅಂಟಿಸಿದೆ. ಉಸಿರು ಬಿಟ್ಟರೆ ಹಾರಿಹೋಗುತ್ತಿದ್ದವು. ಹಸಿರು ಬಳಿದ ಮೇಲೆ ಇದ್ದಿಲ ಪುಡಿಯನ್ನು ಒಣ ಬ್ರಷ್ಷಿನಲ್ಲಿ ಸವರಿ ಮಸಿ ಹಿಡಿಸಿದೆ. ಹಳಿಯ ನಡುವೆ ಹುಲ್ಲು ಇಟ್ಟು, ಗ್ಯಾಂಗಿನವರು ಅರ್ಧ ಕೆತ್ತಿ ಹೋದ ಹಾಗೆ ಬಿಟ್ಟಿದ್ದೇನೆ. ಹೊಸ್ತಿಲಿಗೂ ಹಳಿಗೂ ನಡುವೆ ಏನೂ ಇಟ್ಟಿಲ್ಲ. ಬೇಲಿ ಕಿತ್ತಾಗ ಎದ್ದ ಪ್ಲಾಸ್ಟರ್ ತುಂಬಿ, ನೆಲ ಸವರಿ, ಕಪ್ಪು ಮಾಡಿದೆ.

ಅಮ್ಮನನ್ನು ಹೊಸದಾಗಿ ಮಾಡಿದೆ. ಮೆಟ್ಟಿಲ ಮೇಲೆ ಕೂತಿದ್ದಾಳೆ. ಈ ಅಳತೆಯಲ್ಲಿ ಬಾಯಿಯೇ ಕಾಣುವುದಿಲ್ಲ, ಇನ್ನು ಸೊಟ್ಟ ಹಲ್ಲು ಎಲ್ಲಿ ಬಂತು. ಕೈಗಳನ್ನು ಮಾತ್ರ ಸರಿಯಾಗಿ ಮಾಡಿದ್ದೇನೆ. ಎರಡೂ ಮಗುವಿನ ಹೊಟ್ಟೆಯನ್ನು ಸುತ್ತಿ ಒಂದರ ಮೇಲೊಂದು ಬಂದಿವೆ. ನಿನ್ನನ್ನು ಗೇಟಿನ ಈಚೆಗೆ ತಂದಿದ್ದೇನೆ. ಶಾಲೆಯಿಂದ ಬಂದು ಕೆಳಗಿನ ಮೆಟ್ಟಿಲಲ್ಲಿ ಕೂತಿದ್ದೀಯ, ಚೀಲ ಇನ್ನೂ ಹೆಗಲಲ್ಲೇ ಇದೆ. ಅಪ್ಪ ಬಾವುಟ ಹಿಡಿದು ಗೇಟಿನಲ್ಲಿದ್ದಾನೆ.

ನಿನ್ನೆ ಭಾನುವಾರ ಎಲೆಪುಡಿಯನ್ನೆಲ್ಲ ಗುಡಿಸಿ, ಹಳಿ ಒರೆಸಿ, ಎಂಜಿನ್ ಇಟ್ಟೆ. ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡು ಎಷ್ಟೋ ಹೊತ್ತು ನಿಂತಿದ್ದೆ. ಇವಳು ಪಕ್ಕದಲ್ಲಿ ನಿಂತಿದ್ದಳು. "ಬೇಡ ಅಂದ್ರೆ ಬೇಡ ಬಿಡಿ" ಅಂದಳು. ಒತ್ತಿದೆ.

ರೈಲು ದಿಬ್ಬದ ತಿರುವಿನಿಂದ ಬಂತು. ಗೇಟ್ ದಾಟಿತು. ಮನೆಯ ಮುಂದೆ ಐದು ಡಬ್ಬಿಗಳೂ ಒಂದೊಂದಾಗಿ ಹೋದವು. ಅಷ್ಟು ಹೊತ್ತೂ ಬಾಗಿಲು ಕಾಣುತ್ತಿರಲಿಲ್ಲ. ಕೊನೆಯ ಡಬ್ಬಿ ಸರಿಯಿತು. ಅಮ್ಮ ಮೆಟ್ಟಿಲ ಮೇಲೆ ಹಾಗೇ ಕೂತಿದ್ದಳು ಅಕ್ಕ. ನಾನು ಅವಳ ತೊಡೆಯ ಮೇಲೇ ಇದ್ದೆ.

ನಿನ್ನ ಪುಟ್ಟ